ಗುಜರಿ: ಸಂಜೆ ಸಂತೆಯಿಂದ ಸ್ಕ್ರ್ಯಾಪ್ ಖಾತೆಗೆ

ನ್ಯಾಯಾಲಯಕ್ಕೆ ಅರ್ಜಿ ಗುಜರಾಯಿಸುವ ವಕೀಲರಿಗೂ ಶಿವಾಜಿನಗರದಲ್ಲಿ ಹಳೇ ಕಾರಿನ ಬಾಗಿಲು ಬಿಚ್ಚುವ ಗುಜರಿಯವರಿಗೂ ಭಾಷೆಯ ಮಟ್ಟಿಗೆ ಹತ್ತಿರದ ನಂಟಿದೆ. ಎರಡೂ ಮಾತುಗಳ ಮೂಲ ಪಾರಸಿಯ 'ಗುಜರ್'. ಹಾದುಹೋಗುವುದು, ದಾಟುವುದು, ಹಾಯುವ ದಾರಿ ಎಂದೆಲ್ಲ ಅದಕ್ಕೆ ಅರ್ಥ. ಕಾಗದವನ್ನು ಮೇಲಿನವರ ಕೈಗೆ ದಾಟಿಸಿದರೆ ಅದು ಗುಜರಾಯಿಸುವುದು. ದಿನ ದೂಡುವ ಹೊಟ್ಟೆಪಾಡಿಗೆ ಮರಾಠಿಯಲ್ಲಿ 'ಗುಜರಾಣ' ಎನ್ನುತ್ತಾರೆ. ಕಾಬೂಲು, ಬುಖಾರಾಗಳಲ್ಲಿ ಊರೊಳಗಿನ ಕೇರಿಗೇ ಗುಜರ್ ಎಂದು ಹೆಸರು. ನಮ್ಮ ಗುಜರಿಯೂ ಇದೇ ದಾರಿಯಲ್ಲಿ ಬಂದದ್ದು. ಹೊರಟಾಗ ಮಾತ್ರ ಅದಕ್ಕೂ ತುಕ್ಕು ಹಿಡಿದ ಕಬ್ಬಿಣಕ್ಕೂ ಸಂಬಂಧವಿರಲಿಲ್ಲ.

ಉರ್ದುವಿನ 'ಗುಜ್ರೀ' ಎಂದರೆ ಇಳಿಹೊತ್ತಿನಲ್ಲಿ ರಸ್ತೆ ಬದಿ ಕೂಡುವ ಸಂತೆ. ಹಾದುಹೋಗುವವರೇ ಅಲ್ಲಿ ಗಿರಾಕಿಗಳು. ಚೆನ್ನೈಯಲ್ಲಿ ಒಂದೇ ಬೀದಿಗೆ ತಮಿಳರ ಬಾಯಲ್ಲಿ 'ಗುಜಿಲಿ ಬಜಾರ್', ಇಂಗ್ಲಿಷಿನಲ್ಲಿ 'ಈವ್ನಿಂಗ್ ಬಜಾರ್' ಎಂಬ ಎರಡು ಹೆಸರು ನಿಂತಿರುವುದು ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ಅಗ್ಗದ ಕಾಗದದಲ್ಲಿ ಅಚ್ಚಾಗಿ ಬಿಕರಿಯಾಗುತ್ತಿದ್ದ ಹಾಡಿನ ಪುಸ್ತಕಗಳಿಗೆ ತಮಿಳು ವಿದ್ವಾಂಸರು 'ಗುಜಿಲಿ ಸಾಹಿತ್ಯ' ಎಂದೇ ಹೆಸರಿಟ್ಟಿದ್ದಾರೆ. ಕೊಲ್ಹಾಪುರಕ್ಕೆ ಹೋದರೆ ಮಹಾಲಕ್ಷ್ಮಿ ಗುಡಿಯ ಹತ್ತಿರದ 'ಗುಜರಿ'ಯಲ್ಲಿ ಸಿಗುವುದು ಬಂಗಾರ! ಮಗಳ ಮದುವೆಯ ಒಡವೆಗೆ ಗುಜರಿಗೆ ಹೋಗಿದ್ದೆವು ಎಂದು ಗಡಿಭಾಗದವರು ಹೇಳಿದರೆ ಬೆಂಗಳೂರಿನವರು ಬೆಚ್ಚಿಬೀಳಬೇಕು.

ಗುಜರಾತಿನವರು ಈ ವ್ಯಾಪಾರ ತಂದರು, ಅದಕ್ಕೇ ಗುಜರಿ ಎಂಬ ವಿವರಣೆ ನಮ್ಮಲ್ಲಿ ಬಲು ಜನಪ್ರಿಯ. ಅದನ್ನು ಕೆಡವಲು ಅಹಮದಾಬಾದೇ ಸಾಕು. ಸಾಬರಮತಿ ದಂಡೆಯಲ್ಲಿ ಭಾನುವಾರ ಕೂಡುವ ಹಳೇ ಸಾಮಾನಿನ ಸಂತೆಗೆ ಅಲ್ಲಿಯವರೂ ಗುಜರಿ ಬಜಾರ್ ಎನ್ನುತ್ತಾರೆ. ಗುಜರಾತಿನ ನಡುವೆಯೇ ಕುಳಿತು ಒಂದು ಸಂತೆಗೆ 'ಗುಜರಾತಿಗಳ ಸಂತೆ' ಎಂದು ಯಾರಾದರೂ ಹೆಸರಿಡುತ್ತಾರೆಯೆ? ಚಿಂದಿಯ ಕೌದಿಗೆ ಹಿಂದಿಯಲ್ಲಿ 'ಗುದಡಿ' ಎಂಬ ಮಾತಿದೆ, ಉತ್ತರದ ಊರುಗಳಲ್ಲಿ ಗುದಡಿ ಬಜಾರುಗಳೂ ಇವೆ. ಅರ್ಥ ಹಳತಿನ ಕಡೆಗೆ ವಾಲಲು ಆ ನೆರೆಹೊರೆ ಸಹಾಯ ಮಾಡಿರಬಹುದು. ಆದರೆ ದಕಾರ ಡಕಾರಗಳನ್ನು ಹಿಡಿದು ತಿರುಚುವುದಕ್ಕಿಂತ ಗುಜ್ರೀಯ ದಾರಿಯೇ ನೇರ.

ಸಂತೆಯ ಹೆಸರು ಸಂತೆಯ ಸರಕಿಗೆ ಅಂಟಿಕೊಳ್ಳುವುದು ಹೊಸದೇನಲ್ಲ. ಗುಜರಿಯಲ್ಲಿ ಕೊಂಡದ್ದು ಕನ್ನಡದಲ್ಲಿ ಕ್ರಮೇಣ ಗುಜರಿಯೇ ಆಯಿತು. ಸಂತೆ ಮರೆಯಿತು, ಸಂಜೆ ಮರೆಯಿತು, ಹಳೇ ಕಬ್ಬಿಣ ಉಳಿಯಿತು. 'ಗುಜರಿಗೆ ಹಾಕು' ಎಂಬುದು ಬೈಗುಳವೂ ಆಯಿತು. 2021ರಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳ ನೀತಿ ತಂದಾಗ ಪತ್ರಿಕೆಗಳು ಸಂಸ್ಕೃತದ ಕಡೆ ತಿರುಗದೆ 'ಗುಜರಿ ನೀತಿ' ಎಂದು ಬರೆದವು. ಬೀದಿಯ ಮಾತು ಮುಖಪುಟಕ್ಕೆ ಏರಿದ ಗಳಿಗೆ ಅದು.

ಇಂಗ್ಲಿಷಿನ 'ಸ್ಕ್ರ್ಯಾಪ್' ಬೇರೆ ಮನೆತನದ್ದು. ಹಳೆಯ ನಾರ್ಸ್ ಭಾಷೆಯಲ್ಲಿ ಚೂರುಪಾರಿಗೆ ಸಲ್ಲುತ್ತಿದ್ದ ಮಾತು, ಕೆರೆಯುವುದು ಎಂಬರ್ಥದ 'ಸ್ಕ್ರೇಪ್' ಬಳಗದ್ದು. ಇಂಗ್ಲಿಷಿಗೆ ಬಂದಾಗ ಮೊದಲು ಉಂಡು ಮಿಕ್ಕ ತುಣುಕಿಗೆ ನಿಂತಿತು. ಕಾಗದದ ಚೂರು, ಕಬ್ಬಿಣದ ಚೂರು ಆಮೇಲೆ. ಎರಡನ್ನೂ ಪಕ್ಕದಲ್ಲಿಟ್ಟರೆ ನನಗೆ ಕಾಣುವ ವ್ಯತ್ಯಾಸ ಇದು: ಸ್ಕ್ರ್ಯಾಪ್ ತಾನು ಯಾವುದರಿಂದ ತುಂಡಾಗಿ ಬಂದೆ ಎಂಬುದನ್ನು ಹೇಳುತ್ತದೆ, ಗುಜರಿ ತಾನು ಯಾರ ಕೈಗೆ ಹೋಗಲಿದ್ದೇನೆ ಎಂಬುದನ್ನು. ಬೆಲೆ ಇಲ್ಲದ್ದನ್ನು ಕನ್ನಡಿಗರು ಗುಜರಿ ಎನ್ನುವುದಿಲ್ಲ, ಕಸ ಎನ್ನುತ್ತಾರೆ. ಕಾರ್ಖಾನೆಯ ಲೆಕ್ಕ ಬಗೆಹರಿಯುವುದೂ ಈ ಗೆರೆಯ ಮೇಲೆಯೇ.

ಪೀಣ್ಯದ ಯಾವುದಾದರೂ ಶೆಡ್ಡಿಗೆ ಹೋಗಿ. 1200 ಗ್ರಾಂ ತೂಗುವ ಉಕ್ಕಿನ ತುಂಡು ಲೇತಿಗೆ ಏರಿತು, 800 ಗ್ರಾಂ ಶಾಫ್ಟಾಗಿ ಇಳಿಯಿತು ಎಂದಿಟ್ಟುಕೊಳ್ಳೋಣ. ಟ್ರೇಗೆ ಸುರುಳಿ ಸುರುಳಿಯಾಗಿ ಬಿದ್ದ ಸಿಪ್ಪೆ 'ಟರ್ನಿಂಗ್'. ಬೀಡು ಕಬ್ಬಿಣ ಸುರುಳಿ ಬಿಡದೆ ಪುಡಿ ಉದುರಿಸುತ್ತದೆ, ಅದಕ್ಕೆ 'ಬೋರಿಂಗ್'. ಚಕ್ಕಿನ ಹಿಡಿತಕ್ಕೆ ಸಿಗದೆ ಉಳಿದ ಸರಳಿನ ಬಾಲ 'ಎಂಡ್ ಪೀಸ್'. ಗುಜರಿಯವರು ಇವಕ್ಕೆಲ್ಲ ಬೇರೆ ಬೇರೆ ದರ ಹೇಳುತ್ತಾರೆ. ಬೆರೆಸಿಟ್ಟರೆ ಅತಿ ಕಡಿಮೆ ದರ. ಬೆಳಗಾವಿಯ ಫೌಂಡ್ರಿಗಳಲ್ಲಿ ಇನ್ನೊಂದು ಬಗೆ. ಎರಕದ ಜೊತೆ ಬರುವ ರನ್ನರು, ರೈಸರುಗಳನ್ನು ಕತ್ತರಿಸಿ ಮತ್ತೆ ತಮ್ಮದೇ ಕುಲುಮೆಗೆ ಹಾಕುತ್ತಾರೆ. ಗೇಟು ದಾಟದೆ ಕಚ್ಚಾಮಾಲಾಗಿ ಮರಳುವ ಇದನ್ನು ಗುಜರಿ ಎನ್ನಲು ಬಾರದು.

ಇನ್ನು ಗೇಜಿಗೆ ಕೂರದ ಶಾಫ್ಟು. ಅದು ಕೆಂಪು ಡಬ್ಬ ಸೇರಿ ಬೀಗ ಬೀಳುತ್ತದೆ. ಹಾಗೆಂದು ತಕ್ಷಣ ಗುಜರಿಯಾಗುವುದಿಲ್ಲ. ಅಳತೆ ಹೆಚ್ಚಿದ್ದರೆ ಇನ್ನೊಮ್ಮೆ ಕಡೆದು ಉಳಿಸಬಹುದು, ಕಡಿಮೆಯಾಗಿದ್ದರೆ ಆಸೆ ಬಿಡಬೇಕು. ಈ ನಡುವಿನ ಸ್ಥಿತಿಗೂ ನಮ್ಮಲ್ಲಿ ಹಳೇ ಮಾತಿದೆ. ಅರಬಿಯ 'ರದ್ದ್' ಎಂದರೆ ಹಿಂದಕ್ಕೆ ಕಳಿಸು, ಒಪ್ಪದಿರು. ಅದರಿಂದ ನಮ್ಮ ರದ್ದು, ಅದರಿಂದಲೇ ರದ್ದಿ ಪೇಪರು. ಪೀಸು ಮೊದಲು ರದ್ದು, ಆಮೇಲೆ ಗುಜರಿ.

ಕಾರ್ಖಾನೆಯ ದಾಸ್ತಾನು, ಲೆಕ್ಕಗಳನ್ನು ನೋಡಿಕೊಳ್ಳುವ ಇಆರ್‌ಪಿ ತಂತ್ರಾಂಶಗಳು ಇದೇ ಭೇದಗಳನ್ನು ಕಲಂ ಕಲಂ ಆಗಿ ಹಾಕಿಕೊಂಡಿವೆ. ಮುಂಬೈಯಲ್ಲಿ ಹುಟ್ಟಿದ, ಮುಕ್ತ ತಂತ್ರಾಂಶವಾದ ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು ವಸ್ತುವಿಗೆ ಬೇಕಾದ ಸಾಮಗ್ರಿಯ ಪಟ್ಟಿ ಬರೆಯುವಾಗಲೇ ಅದರಿಂದ ಹೊರಬೀಳುವ ಸ್ಕ್ರ್ಯಾಪಿಗೂ ಜಾಗವಿದೆ. ಉತ್ಪಾದನೆ ದಾಖಲಾದಾಗ ಶಾಫ್ಟು ಒಂದು ಗೋದಾಮಿಗೆ, ಟರ್ನಿಂಗ್ ಸ್ಕ್ರ್ಯಾಪಿನ ಗೋದಾಮಿಗೆ ಹೋಗುತ್ತದೆ, ಟರ್ನಿಂಗಿನ ಬೆಲೆ ಶಾಫ್ಟಿನ ವೆಚ್ಚದಿಂದ ಕಳೆಯುತ್ತದೆ. ಆವಿಯಾದದ್ದು, ಸುಟ್ಟುಹೋದದ್ದು 'ಪ್ರೋಸೆಸ್ ಲಾಸ್' ಎಂಬ ಬೇರೆ ಸಾಲಿಗೆ. ಅದನ್ನು ಮಾರಲಾಗದು, ಹಾಗಾಗಿ ಅದಕ್ಕೆ ಗೋದಾಮೂ ಇಲ್ಲ. ಬೆಂಗಳೂರಿನ ಟ್ಯಾಲಿಯಲ್ಲಿ ಉಪೋತ್ಪನ್ನ, ಸಹೋತ್ಪನ್ನ, ಸ್ಕ್ರ್ಯಾಪ್ ಎಂದು ಬಿಡಿಸಿ ಗುರುತಿಸಬಹುದು. 1972ರಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಯಾಪ್‌ನಲ್ಲಿ ಕೆಟ್ಟ ಸರಕನ್ನು ದಾಸ್ತಾನಿನಿಂದ ಕಳೆಯಲು 551 ಎಂಬ ಸಂಖ್ಯೆಯೇ ಇದೆ. ತಪಾಸಣೆಯಲ್ಲಿದ್ದ ಸರಕಾದರೆ 553, ತಡೆಹಿಡಿದದ್ದಾದರೆ 555.

ಸ್ಯಾಪಿನಲ್ಲಿ ಶೇ 5 ಸ್ಕ್ರ್ಯಾಪ್ ಎಂದು ಬರೆದಿಟ್ಟರೆ 100 ಪೀಸಿನ ಆರ್ಡರಿಗೆ ಅದು 105ರ ಸಾಮಗ್ರಿ ಕೇಳುತ್ತದೆ. 105ರಲ್ಲಿ ನಿಜವಾಗಿ ಶೇ 5 ಕೆಟ್ಟರೆ ಉಳಿಯುವುದು 99.75. ಗಿರಾಕಿ ಮುಕ್ಕಾಲು ಶಾಫ್ಟು ತೆಗೆದುಕೊಳ್ಳುವುದಿಲ್ಲ. ಶೇಕಡಾವಾರು ಹಾಕಿದ್ದು ಪ್ರಾರಂಭಿಸಿದ ಸಂಖ್ಯೆಯ ಮೇಲೋ ಮುಗಿದ ಸಂಖ್ಯೆಯ ಮೇಲೋ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ನಿಜವಾದ ಜಗಳ ಗೇಟಿನ ಹತ್ತಿರ. ತಂತ್ರಾಂಶದಲ್ಲಿ 2000 ಕಿಲೋ ಇದ್ದದ್ದು ವೇಬ್ರಿಡ್ಜಿನ ಚೀಟಿಯಲ್ಲಿ 2100 ಆಗಬಹುದು: ಸಿಪ್ಪೆಗೆ ಹತ್ತಿದ ಕೂಲೆಂಟ್ ಎಣ್ಣೆ ಇನ್ನೂ ಸೋರಿಲ್ಲ, ಮಳೆಯಲ್ಲಿ ರಾಶಿ ನೆನೆದಿದೆ. 1900 ಆದರೆ ಇನ್ನೂ ದೊಡ್ಡ ಪ್ರಶ್ನೆ. ಸಾಮಗ್ರಿ ಪಟ್ಟಿಯ ಪ್ರಕಾರ ಬರಬೇಕಾದ ಸಿಪ್ಪೆ, ಟ್ರೇಯಿಂದ ತೂಗಿ ಬರೆದ ಸಿಪ್ಪೆ, ಲಾರಿಯಲ್ಲಿ ಹೋದ ಸಿಪ್ಪೆ, ಈ ಮೂರೂ ಅಂಕಿ ತಾಳೆಯಾಗುವ ಕಾರ್ಖಾನೆ ಅಪರೂಪ. ತಾಳೆಯಾಗದಿದ್ದರೂ ಅಡ್ಡಿಯಿಲ್ಲ, ವ್ಯತ್ಯಾಸ ಕಣ್ಣಿಗೆ ಬೀಳಬೇಕು. ಅದಕ್ಕೆ ಕೇಡು ಮಾಡುವುದು 'ಕಾರಣ' ಎಂಬ ಕಲಮಿನಲ್ಲಿ ಎಲ್ಲದಕ್ಕೂ 'ಇತರೆ' ಒತ್ತುವ ಚಾಳಿ. ಟೂಲ್ ಮುರಿದದ್ದು, ಎರಕದಲ್ಲಿ ಬ್ಲೋಹೋಲ್ ಇದ್ದದ್ದು, ಪಾಳಿಯ ಮೊದಲ ಸೆಟ್ಟಿಂಗ್ ಪೀಸು, ಎಲ್ಲ ಒಂದೇ ಹೆಸರಿನಡಿ ಹೂತುಹೋಗುತ್ತವೆ. ತಪ್ಪು ಹುಡುಗರದ್ದಲ್ಲ. ಕೆಟ್ಟ ಪೀಸು ಬರೆದವರನ್ನು ಬೆಳಿಗ್ಗೆ ನಿಲ್ಲಿಸಿ ಬೈಯುವ ಕಡೆ ಯಾವ ಆಪರೇಟರೂ ಸತ್ಯ ಬರೆಯಲಾರ.

ತೆರಿಗೆಯವರೂ ಈ ಪದಕ್ಕೆ ಅರ್ಥ ಕಟ್ಟಿದ್ದಾರೆ. 1961ರ ಆದಾಯ ತೆರಿಗೆ ಕಾಯ್ದೆಯ 206ಸಿ ಕಲಮಿನಡಿ ಸ್ಕ್ರ್ಯಾಪ್ ಎಂದರೆ ತಯಾರಿಕೆಯಲ್ಲೋ ಯಂತ್ರಗೆಲಸದಲ್ಲೋ ಹುಟ್ಟಿ, ಒಡೆದು, ಕತ್ತರಿಸಿ, ಸವೆದು, ಇದ್ದ ರೂಪದಲ್ಲಿ ಖಂಡಿತವಾಗಿ ಬಳಸಲಾಗದ ವಸ್ತು ಎಂದಿತ್ತು. 'ಇದ್ದ ರೂಪದಲ್ಲಿ' ಎಂಬ ಮಾತೇ ಮುಖ್ಯ: ರೂಪ ಬದಲಿಸಿದರೆ ಬಳಕೆ ಇದೆ ಎಂದು ಕಾಯ್ದೆಯೂ ಒಪ್ಪಿದಂತಾಯಿತು. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಂಡರೆ ಜಿಎಸ್‌ಟಿ ಕಟ್ಟುವ ಹೊಣೆ ಕೊಳ್ಳುವ ನೋಂದಾಯಿತ ವ್ಯಾಪಾರಿಯದು. ತಳ್ಳುಗಾಡಿಯ ವ್ಯವಹಾರವೂ ಹೀಗೆ ದೊಡ್ಡ ಪುಸ್ತಕಕ್ಕೆ ಬಂತು.

ತಂತ್ರಾಂಶಗಳನ್ನು ಕನ್ನಡಕ್ಕೆ ತರುವವರಲ್ಲಿ ಒಂದು ಕೋರಿಕೆ. 'ಸ್ಕ್ರ್ಯಾಪ್' ಕಂಡಲ್ಲೆಲ್ಲ 'ತ್ಯಾಜ್ಯ' ಎಂದು ಬರೆಯಬೇಡಿ. ತ್ಯಾಜ್ಯವೆಂದರೆ ಬಿಡಬೇಕಾದದ್ದು, ಮಾರಾಟಕ್ಕಿರುವ ಸರಕಿಗೆ ಅದು ಹೊಂದದು. ಮಾರುವುದಕ್ಕೆ 'ಗುಜರಿ' ಎನ್ನಿ, ತಿರಸ್ಕರಿಸಿದ ಪೀಸಿಗೆ 'ರದ್ದು' ಎನ್ನಿ, ಸುಟ್ಟು ಹಾರಿಹೋದದ್ದಕ್ಕೆ 'ನಷ್ಟ' ಎನ್ನಿ. ಲೇತಿನ ಮುಂದೆ ನಿಂತವರು ಯಾರನ್ನೂ ಕೇಳದೆ ಸರಿಯಾದ ಗುಂಡಿ ಒತ್ತುತ್ತಾರೆ.