ಮದ್ದಿಲ್ಲದ ರೋಗದ ನಿರ್ಮೂಲನೆ: ನಾರುಹುಣ್ಣಿನ ವಿರುದ್ಧ ನಾಲ್ಕು ದಶಕ

ನಾರುಹುಣ್ಣು ಕುಡಿಯುವ ನೀರಿನಿಂದ ಬರುವ ರೋಗ. ಡ್ರಾಕಂಕ್ಯುಲಸ್ ಮೆಡಿನೆನ್ಸಿಸ್ ಎಂಬ ಪರಾವಲಂಬಿ ಹುಳು ಇದಕ್ಕೆ ಕಾರಣ. ಈ ರೋಗಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಒಮ್ಮೆ ಬಂದುಹೋದರೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಆದರೂ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ 2023ರಲ್ಲಿ ಜಗತ್ತಿನಲ್ಲೆಲ್ಲ ಸೇರಿ 14 ಮಂದಿಯಲ್ಲಿ ಮಾತ್ರ ಕಾಣಿಸಿಕೊಂಡಿತು. ಸಿಡುಬಿನ ನಂತರ ಮನುಷ್ಯರಿಂದ ಪೂರ್ತಿ ತೊಲಗುವ ಎರಡನೆಯ ರೋಗ ಇದಾಗಬಹುದು.

ಕೆರೆ, ಹೊಂಡಗಳ ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಗಳಿರುತ್ತವೆ. ಹುಳುವಿನ ಮರಿಗಳು ಅವುಗಳ ಒಡಲಲ್ಲಿ ಸುಮಾರು ಎರಡು ವಾರ ಬೆಳೆಯುತ್ತವೆ. ಆ ನೀರನ್ನು ಸೋಸದೆ ಕುಡಿದವರ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸತ್ತರೂ ಮರಿಗಳು ಉಳಿದು, ಕರುಳನ್ನು ಕೊರೆದು ಒಳಸೇರುತ್ತವೆ. ಸುಮಾರು ಒಂದು ವರ್ಷದ ನಂತರ, ಒಂದು ಮೀಟರಿನಷ್ಟು ಉದ್ದ ಬೆಳೆಯಬಲ್ಲ ಹೆಣ್ಣುಹುಳು ಹೆಚ್ಚಾಗಿ ಕಾಲಿನಲ್ಲಿ ಉರಿಯುವ ಗುಳ್ಳೆ ಎಬ್ಬಿಸಿ ಹೊರಬರುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟೊಡನೆ ಹುಳು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಊರಿನವರು ಅದೇ ನೀರನ್ನು ಕುಡಿಯುತ್ತಾರೆ. ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಹೊರಗೆಳೆಯುವುದೊಂದೇ ಚಿಕಿತ್ಸೆ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ನಡುವೆ ಹುಳು ತುಂಡಾದರೆ ಬಾವು, ಕೀವು. ಬಿತ್ತನೆ, ಕೊಯ್ಲಿನ ಹೊತ್ತಿಗೆ ದುಡಿಯುವವರೇ ಹಾಸಿಗೆ ಹಿಡಿದರೆ ಮನೆಯ ಅನ್ನಕ್ಕೇ ಕುತ್ತು.

ಪ್ರಾಚೀನ ಈಜಿಪ್ಟಿನ ಮಮ್ಮಿಯೊಂದರಲ್ಲೂ ಈ ಹುಳುವಿನ ಅವಶೇಷ ಸಿಕ್ಕಿದೆ. ಆದರೆ ರೋಗ ಹರಡುವ ಬಗೆ ತಿಳಿದದ್ದು 1870ರ ಸುಮಾರಿಗೆ. ರಷ್ಯಾದ ವಿಜ್ಞಾನಿ ಅಲೆಕ್ಸಿ ಫೆದ್ಚೆಂಕೊ ಮಧ್ಯ ಏಷ್ಯಾದಲ್ಲಿ ಸೈಕ್ಲಾಪ್ಸ್‌ನ ಪಾತ್ರವನ್ನು ಪತ್ತೆಹಚ್ಚಿದರು. 1920ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಲಿಯೊನಿಡ್ ಇಸಾಯೆವ್ ಅವರ ತಂಡ ಅಲ್ಲಿನ ಬುಖಾರಾ ನಗರದ ಕುಡಿಯುವ ನೀರಿನ ಕೊಳಗಳನ್ನು ಬತ್ತಿಸಿ, ರೋಗಿಗಳಿಗೆ ಚಿಕಿತ್ಸೆ ಕೊಟ್ಟು, 1930ರ ದಶಕದ ಆರಂಭದ ಹೊತ್ತಿಗೆ ರೋಗವನ್ನು ಅಲ್ಲಿಂದ ತೊಲಗಿಸಿತು. ನೀರನ್ನು ಕಾಪಾಡಿದರೆ ರೋಗ ತಾನಾಗಿ ಹೋಗುತ್ತದೆ ಎಂಬುದಕ್ಕೆ ಇದು ಮೊದಲ ದೊಡ್ಡ ಸಾಕ್ಷಿ.

ಅಂತರರಾಷ್ಟ್ರೀಯ ಪ್ರಯತ್ನ ಆರಂಭವಾದದ್ದು 1980ರ ದಶಕದಲ್ಲಿ. ಸಿಡುಬಿನ ವಿರುದ್ಧ ದುಡಿದಿದ್ದ ಅಮೆರಿಕದ ವೈದ್ಯ ಡೊನಾಲ್ಡ್ ಹಾಪ್ಕಿನ್ಸ್, ವಿಶ್ವಸಂಸ್ಥೆಯ ಕುಡಿಯುವ ನೀರಿನ ದಶಕಕ್ಕೆ (1981–1990) ನಾರುಹುಣ್ಣಿನ ನಿರ್ಮೂಲನೆಯನ್ನೂ ಗುರಿಯಾಗಿಸಬೇಕೆಂದು ಒತ್ತಾಯಿಸಿದರು. 1986ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಮೂಲನೆಯ ನಿರ್ಣಯ ಕೈಗೊಂಡಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಥಾಪಿಸಿದ್ದ ಕಾರ್ಟರ್ ಸೆಂಟರ್ ಅದೇ ವರ್ಷ ಮುಂದಾಳತ್ವ ವಹಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿದವು. ಹತ್ಯಾರುಗಳು ಸರಳ: ಸೈಕ್ಲಾಪ್ಸ್ ತಡೆಯುವ ಸಣ್ಣ ರಂಧ್ರಗಳ ನೈಲಾನ್ ಸೋಸುಬಟ್ಟೆ, ದನಗಾಹಿಗಳ ಕೊರಳಿಗೆ ತೂಗುವ ಸೋಸುವ ಕೊಳವೆ, ಕೊಳವೆಬಾವಿ, ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಹಾಕುವ ಟೆಮೆಫಾಸ್ ಎಂಬ ರಾಸಾಯನಿಕ. ಇವೆಲ್ಲಕ್ಕಿಂತ ಮುಖ್ಯವಾದವರು, ಪ್ರತಿ ಊರಲ್ಲೂ ರೋಗಿಗಳನ್ನು ಗುರುತಿಸಿ, ಅವರು ನೀರಿಗಿಳಿಯದಂತೆ ನೋಡಿಕೊಂಡ ಸ್ಥಳೀಯ ಸ್ವಯಂಸೇವಕರು.

ಭಾರತದಲ್ಲಿ 1984ರ ಹೊತ್ತಿಗೆ ಸುಮಾರು 40,000 ರೋಗಿಗಳಿದ್ದರು. ಕರ್ನಾಟಕವೂ ಸೇರಿದಂತೆ ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರ, ಆಂಧ್ರಪ್ರದೇಶ ಮತ್ತು ತಮಿಳುನಾಡು ರೋಗಪೀಡಿತವಾಗಿದ್ದವು. ಮೆಟ್ಟಿಲುಬಾವಿಗೆ ಇಳಿದು, ಕಾಲು ನೆನೆಸಿ ಕೊಡ ತುಂಬುವ ರೂಢಿಯೇ ಹುಳುವಿಗೆ ದಾರಿಯಾಗಿತ್ತು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿಸುವುದು, ಕೈಪಂಪು ಹಾಕುವುದು, ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕುವುದು ಕಾರ್ಯಕ್ರಮದ ಬೆನ್ನೆಲುಬಾಯಿತು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದಾಖಲಾಯಿತು. 2000ದಲ್ಲಿ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು.

ಆಫ್ರಿಕದಲ್ಲಿ ದಾರಿ ಇನ್ನೂ ಕಠಿಣವಾಗಿತ್ತು. ಅಂತರ್ಯುದ್ಧದ ಬೇಗುದಿಯಲ್ಲಿದ್ದ ಸುಡಾನಿನಲ್ಲಿ 1995ರಲ್ಲಿ ಕಾರ್ಟರ್ ಮಾತುಕತೆ ನಡೆಸಿ ಕದನವಿರಾಮ ಮಾಡಿಸಿದರು. ತಿಂಗಳುಗಟ್ಟಲೆ ಬಂದೂಕುಗಳು ಸುಮ್ಮನಾದಾಗ ಆರೋಗ್ಯ ಕಾರ್ಯಕರ್ತರು ಅದುವರೆಗೆ ಕಾಲಿಡಲಾಗದ ಹಳ್ಳಿಗಳನ್ನು ತಲುಪಿದರು. 1980ರ ದಶಕದ ಕೊನೆಗೆ ಆರು ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದ ನೈಜೀರಿಯ 2013ರಲ್ಲಿ, ಘಾನಾ 2015ರಲ್ಲಿ ರೋಗಮುಕ್ತ ಪ್ರಮಾಣಪತ್ರ ಪಡೆದವು.

ಗೆಲುವು ಹತ್ತಿರವಾದಾಗ ಹೊಸ ತೊಡಕು ಎದುರಾಯಿತು. ಹತ್ತು ವರ್ಷ ರೋಗ ಕಾಣದಿದ್ದ ಚಾಡ್‌ನಲ್ಲಿ 2010ರಲ್ಲಿ ಅದು ಮರುಕಳಿಸಿತು. 2012ರಿಂದ ಅಲ್ಲಿನ ನಾಯಿಗಳಲ್ಲೂ ಹುಳು ಕಂಡಿತು. ಇಥಿಯೋಪಿಯದ ಬಬೂನ್ ಕೋತಿಗಳಲ್ಲೂ ಸೋಂಕು ಪತ್ತೆಯಾಯಿತು. ಸೋಂಕಿತ ನಾಯಿಗಳನ್ನು ಕಟ್ಟಿಹಾಕುವುದು, ಹುಳುವಿನ ಮರಿಗಳಿರಬಹುದಾದ ಮೀನಿನ ಕರುಳನ್ನು ಅವುಗಳಿಗೆ ಸಿಗದಂತೆ ಹೂಳುವುದು ಈಗ ಕಾರ್ಯಕ್ರಮದ ಭಾಗ. ನಿರ್ಮೂಲನೆಯ ಗಡುವು 1995ರಿಂದ ಹಲವು ಬಾರಿ ಮುಂದೆ ಹೋಗಿ ಈಗ 2030ಕ್ಕೆ ನಿಂತಿದೆ.

ಒಂದು ದೇಶ ರೋಗಮುಕ್ತವೆನಿಸಲು ಸತತ ಮೂರು ವರ್ಷ ಒಂದೂ ಪ್ರಕರಣವಿರಬಾರದು, ಕಟ್ಟುನಿಟ್ಟಿನ ನಿಗಾ ಇರಬೇಕು. ಒಬ್ಬ ರೋಗಿ ಕಣ್ತಪ್ಪಿದರೂ ಮರುವರ್ಷ ಇಡೀ ಊರಿಗೆ ಸೋಂಕು ತಗಲಬಹುದು. ಹಾಗಾಗಿ ಬೆರಳೆಣಿಕೆಯ ಈ ಕೊನೆಯ ಪ್ರಕರಣಗಳಿಗೂ ಲಕ್ಷಾಂತರ ಪ್ರಕರಣಗಳಿದ್ದಾಗಿನಷ್ಟೇ ಹಣ, ಶ್ರಮ ಮತ್ತು ತಾಳ್ಮೆ ಸಲ್ಲಲೇಬೇಕು.