ಹಲಗಲಿಯ ಬೇಡರೂ ಮುಧೋಳದ ಗಾದಿಯೂ

ಈಗ ಬೆಳಗಿನಲ್ಲಿ ಬೀಳಗಿಯಿಂದ ಹೊರಟವನು ಮುಧೋಳ ಜಮಖಂಡಿಗಳನ್ನು ಹಾಯ್ದು ಮಧ್ಯಾಹ್ನದ ಊಟಕ್ಕೆ ಬನಹಟ್ಟಿಯನ್ನು ಮುಟ್ಟಬಹುದು. ದಾರಿಯುದ್ದಕ್ಕೂ ಒಂದೇ ಜಿಲ್ಲೆ, ಒಂದೇ ಸರಕಾರ. 1948ನೆಯ ಇಸವಿಯ ಮಾರ್ಚ್ 8ರ ವರೆಗೆ ಹಾಗಿರಲಿಲ್ಲ. ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದಿತು, ಮುಧೋಳವು ಘೋರ್ಪಡೆಯವರದು, ಜಮಖಂಡಿಯು ಪಟವರ್ಧನರದು. ಬನಹಟ್ಟಿಯು ಜಮಖಂಡಿಯ ಅರಸರಿಗೆ ಸೇರಿದ್ದರೆ, ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ದೂರದ ಸಾಂಗಲಿಯ ಸಂಸ್ಥಾನಕ್ಕೆ ಸೇರಿದ್ದಿತು. ರಬಕವಿಯ ನೇಕಾರನು ಬನಹಟ್ಟಿಯ ಬೀಗರ ಮನೆಗೆ ಹೋದರೆ ರಾಜ್ಯಾಂತರ ಮಾಡಿದಂತಾಗುತ್ತಿತ್ತು!

ಈ ನಾಲ್ಕು ಸರಕಾರಗಳಲ್ಲಿ ನಿಜವಾದ ಸರಕಾರವು ಯಾವುದು? ಈ ಪ್ರಶ್ನೆಯು ನನ್ನದಲ್ಲ. ಹಿಂದೆ ಶಾಲೆಯಲ್ಲಿ ಹಲಗಲಿಯ ಬೇಡರ ಲಾವಣಿಯನ್ನು ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗನು ಎದ್ದು ನಿಂತು, “ಗುರುಗಳೇ, ಹಲಗಲಿ ಮುಧೋಳ ರಾಜರ ಊರು. ಅಲ್ಲಿಯ ಹತಾರ ಕಸಿಯಲಿಕ್ಕೆ ಕುಂಪಣಿಯವರಿಗೆ ಏನು ಅಧಿಕಾರ?” ಎಂದು ಕೇಳಿದನು. ಇದು ಪರೀಕ್ಷೆಗೆ ಬರುವುದಿಲ್ಲವೆಂದು ಹೇಳಿ ಅವನನ್ನು ಕೂಡ್ರಿಸಿದೆನು. ನಿಜ ಹೇಳಬೇಕಾದರೆ ಉತ್ತರವು ನನಗೆ ತಿಳಿದಿರಲಿಲ್ಲ.

ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿರುವನು: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಪಾಠಶಾಲೆಯಲ್ಲಿ ಇದನ್ನು ನಾವು ಬಾಯಿಪಾಠ ಮಾಡಿದ್ದೆವೇ ಹೊರತು ನಮ್ಮ ಸುತ್ತಲಿನ ಸಂಸ್ಥಾನಗಳಿಗೆ ಹಚ್ಚಿ ನೋಡಿರಲಿಲ್ಲ. ಮುಧೋಳದಲ್ಲಿ ಸ್ವಾಮಿಯಿದ್ದನು, ಕಾರಭಾರಿಯೆಂಬ ಅಮಾತ್ಯನಿದ್ದನು. ಸಂಸ್ಥಾನದ ಹರವು 368 ಚದರ ಮೈಲು. 1901ರ ಖಾನೇಸುಮಾರಿಯಂತೆ ಪ್ರಜೆಗಳು 63,001. ಜಮಖಂಡಿಯು ಇನ್ನೂ ದೊಡ್ಡದು: 524 ಚದರ ಮೈಲು, 1,05,357 ಪ್ರಜೆಗಳು. ಎರಡೂ ಕಡೆಗೆ ಕಂದಾಯವು ಬರುತ್ತಿತ್ತು, ಆದುದರಿಂದ ಕೋಶವೂ ಇದ್ದಿತು. ಕೊರತೆಯಿದ್ದದ್ದು ದಂಡವೊಂದರಲ್ಲಿ. ದಂಡವೆಂದರೆ ಸೈನ್ಯ; ನಮ್ಮ ‘ದಂಡು’ ಎಂಬ ಮಾತು ಅದರಿಂದಲೇ ಬಂದದ್ದು.

ಈ ಅಂಗವು ಹೇಗೆ ಲೋಪವಾಯಿತೆಂಬುದು ಲೆಕ್ಕದ ಪುಸ್ತಕದಲ್ಲಿ ಕಾಣುವ ಸಂಗತಿ. ಪೇಶವಾಯಿಯಲ್ಲಿ ಜಹಗೀರಿಗೆ ಪ್ರತಿಯಾಗಿ ಸರದಾರನು ಇಷ್ಟು ಕುದುರೆಗಳನ್ನು ದಂಡಿಗೆ ಕೊಡಬೇಕಾಗಿತ್ತು. 1818ರಲ್ಲಿ ಪೇಶವಾಯಿಯು ಮುಳುಗಿತು. ಕುಂಪಣಿಯು ಸರದಾರರೊಡನೆ ಕರಾರು ಮಾಡಿಕೊಂಡಿತು. ಕೆಲವು ಕಾಲದ ಮೇಲೆ ಕುದುರೆಗಳಿಗೆ ಬದಲಾಗಿ ರೋಕಡಿ ಹಣವನ್ನೇ ಕೊಟ್ಟರೆ ಸಾಕೆಂದಾಯಿತು. ಹೀಗೆ ಜಮಖಂಡಿಯು ವರ್ಷಕ್ಕೆ 20 ಸಾವಿರ ರೂಪಾಯಿಗಳಿಗೂ ಮಿಕ್ಕಿ ಕೊಡತೊಡಗಿತು. ಮುಧೋಳವು ಎರಡೂವರೆ ಸಾವಿರದ ಮೇಲೆ ಕೊಡುತ್ತಿತ್ತು. ಕುದುರೆಗಳನ್ನು ಸಾಕುವ ತೊಂದರೆ ತಪ್ಪಿತೆಂದು ಅರಸರಿಗೆ ಹಿತವೇ ಎನಿಸಿದ್ದೀತು. ಆದರೆ ದಂಡವನ್ನು ಹಣಕ್ಕೆ ಪರಿವರ್ತಿಸಿ ಮಿತ್ರನಿಗೆ ಒಪ್ಪಿಸಿದ ಮೇಲೆ ಮಿತ್ರನು ಮಿತ್ರನಾಗಿ ಉಳಿಯುವನೆ? ಅರಸನು ಯಾವ ಹುಕುಮಿಗೂ ಇಲ್ಲವೆನ್ನಲಾರನು.

ಬೇಡರ ಸ್ಥಿತಿಯನ್ನೂ ಇದರೊಡನೆ ನೋಡಬೇಕು. ಕೋಟೆಯ ಕಾವಲು, ಊರಿನ ತಳವಾರಿಕೆ, ಪಾಳೆಯಗಾರರ ದಂಡಿನ ಚಾಕರಿ, ಇವು ಬಿಟ್ಟರೆ ಬೇಟೆ, ಇದು ಅವರ ಪೂರ್ವದ ಬಾಳು. ಒಕ್ಕಲಿಗನಿಗೆ ರಂಟೆ ಹೇಗೋ ನೇಕಾರನಿಗೆ ಮಗ್ಗ ಹೇಗೋ ಹಾಗೆ ಅವರಿಗೆ ಕತ್ತಿ ಬಂದೂಕುಗಳು. ಹಳೆಯ ದಂಡುಗಳು ಚೆದರಿ ಚಾಕರಿಯು ಹೋಗಿದ್ದರೂ ಸಾಧನವು ಕೈಯಲ್ಲಿ ಉಳಿದಿತ್ತು.

1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆ ಎದ್ದಿತು. ಆ ವರ್ಷದ 28ನೆಯ ಕಾಯಿದೆಯು ಆಯುಧಗಳ ಮಾರಾಟಕ್ಕೂ ಅವುಗಳನ್ನು ಇಟ್ಟುಕೊಳ್ಳುವುದಕ್ಕೂ ಕಟ್ಟು ಮಾಡಿತು. ಕಾಯಿದೆಯನ್ನು ಮಾಡಿದ್ದು ಕಲಕತ್ತೆಯಲ್ಲಿ. ಅದರ ಬಿಸಿಯು ಮುಟ್ಟಿದ್ದು ಮುಧೋಳ ಸೀಮೆಯ ಹಲಗಲಿಯಲ್ಲಿ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾಳುಗಳೆಂದು ಲಾವಣಿಯು ಹಾಡುತ್ತದೆ. ಆಯುಧಗಳನ್ನು ಒಪ್ಪಿಸೆವೆಂದು ಬೇಡರು ನಿಂತರು. ಸಂಸ್ಥಾನದ ಅಧಿಕಾರಿಗಳ ಮಾತು ನಡೆಯಲಿಲ್ಲ. ನವಂಬರದ ಕೊನೆಗೆ ಕರ್ನಲ್ ಮಾಲ್ಕಮನ ‘ಸದರ್ನ್ ಮರಾಠಾ ಹಾರ್ಸ್’ ಎಂಬ ಕುದುರೆಪಡೆಯೂ ಇತರ ದಂಡೂ ಊರನ್ನು ಮುತ್ತಿದವು. ಊರಿಗೆ ಬೆಂಕಿಯಿಟ್ಟರು. ನೂರರಷ್ಟು ಜನ ಸತ್ತರು. ಅನೇಕರು ಸೆರೆ ಸಿಕ್ಕರು. ಅವರಲ್ಲಿ 19 ಜನರಿಗೆ ಗಲ್ಲಾಯಿತು: ದಶಂಬರ 11ರಂದು ಮುಧೋಳದಲ್ಲಿ 13 ಮಂದಿಗೆ, 14ರಂದು ಹಲಗಲಿಯಲ್ಲಿಯೇ 6 ಮಂದಿಗೆ.

ಹದಿಮೂವರನ್ನು ಗಲ್ಲಿಗೇರಿಸಿದ್ದು ಘೋರ್ಪಡೆಯವರ ರಾಜಧಾನಿಯಲ್ಲಿ ಎಂಬುದನ್ನು ವಾಚಕರು ಲಕ್ಷಿಸಬೇಕು. ಗಾದಿಯು ಅಲ್ಲಿಯೇ ಇದ್ದಿತು. ಹುಡುಗನ ಪ್ರಶ್ನೆಗೆ ಉತ್ತರವು ಆ ಮುಧೋಳದಲ್ಲಿಯೇ ಇದೆ. ಕುಂಪಣಿಗೆ ಅಧಿಕಾರವು ಬಂದದ್ದು ಕಾಯಿದೆಯಿಂದಲ್ಲ, ದಂಡಿನಿಂದ. ಆ ದಂಡಿನ ಸಂಬಳಕ್ಕೆ ನಮ್ಮ ಸಂಸ್ಥಾನಗಳ ಹಣವೂ ಸಂದಿದ್ದಿತು.

ಆದರೆ ಅದೇ ಆಯುಧ ಕಾಯಿದೆಯು ನಮ್ಮ ನಾಡಿನ ಎಲ್ಲರ ಮೇಲೂ ಒಂದೇ ತೂಕದಿಂದ ಬೀಳಲಿಲ್ಲ. 1861ರಲ್ಲಿ ಕಮಿಶನರ್ ಮಾರ್ಕ್ ಕಬ್ಬನ್ನನು ಕೊಡಗರ ರಾಜಭಕ್ತಿಯನ್ನೂ ಶೌರ್ಯವನ್ನೂ ಮೆಚ್ಚಿ ಅವರನ್ನು ಅದರಿಂದ ಬಿಡುಗಡೆ ಮಾಡಿದನು. ಕೊಡಗಿನಲ್ಲಿ ಆ ವಿನಾಯಿತಿಯು ಇಂದಿಗೂ ನಡೆದಿದೆ. ಕೊಡಗರ ಮೇಲೆ ನನಗೆ ಅಸೂಯೆಯಿಲ್ಲ. ಅವರ ಕೋವಿಯು ಅವರಿಗೆ ಶೋಭಿಸುತ್ತದೆ. ಆದರೆ ನಾಲ್ಕೇ ವರ್ಷಗಳ ಅಂತರದಲ್ಲಿ ಒಂದು ಕುಲಕ್ಕೆ ಭೂಷಣವೆನಿಸಿದ್ದು ಇನ್ನೊಂದಕ್ಕೆ ಉರುಲಾಗಿದ್ದಿತು. ಭೇದವು ಶೌರ್ಯದಲ್ಲಿ ಇರಲಿಲ್ಲ. ಆ ಶೌರ್ಯವು ಯಾರ ಕಡೆಗೆ ನಿಂತಿತು ಎಂಬುದರಲ್ಲಿ ಇದ್ದಿತು.

ಇನ್ನು ಲಾವಣಿಯ ಮಾತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಯುದ್ಧದ ವರ್ಣನೆಯಲ್ಲ, ಲೂಟಿಯ ಪಟ್ಟಿ. ಉಪ್ಪು, ಎಣ್ಣೆ, ಬೀಸುವ ಕಲ್ಲು, ಹೀಗೆ ಬಡವರ ಮನೆಯ ವಸ್ತುಗಳನ್ನು ಲಾವಣಿಕಾರನು ಒಂದೊಂದಾಗಿ ಎಣಿಸುತ್ತಾನೆ. ಹತಾರಗಳಿಗಾಗಿ ಬಂದವರಿಗೆ ಬೀಸುವ ಕಲ್ಲಿನಿಂದ ಏನು ಪ್ರಯೋಜನ? ಸರಕಾರೀ ವರದಿಗಳಲ್ಲಿ ಸತ್ತವರ, ಸೆರೆಯಾದವರ ಲೆಕ್ಕವು ಸಿಕ್ಕುವುದು. ಈ ಕಲ್ಲಿನ ಲೆಕ್ಕವನ್ನು ಇಟ್ಟವನು ಹಾಡುಗಾರನೊಬ್ಬನೇ. ಅವನ ಹಾಡನ್ನು ಮುಂದೆ ಬರೆದುಕೊಂಡು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್. ಅವನು ಆ ಮುಂಬಯಿ ಸರಕಾರದ ಅಧಿಕಾರಿಯೇ ಆಗಿದ್ದನು.