ಫ್ರೆಂಚೋ ಸ್ಪ್ಯಾನಿಷೋ: ಗಡಿನಾಡಿನ ವಿದ್ಯಾರ್ಥಿಯ ಭಾಷಾ ಆಯ್ಕೆ

ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಗಡಿನಾಡಿನ ಕನ್ನಡ ಮನೆಗಳಲ್ಲಿ ವಿಜ್ಞಾನವೋ ವಾಣಿಜ್ಯವೋ ಎಂಬ ಚರ್ಚೆ ಆರಂಭವಾಗುತ್ತದೆ. ಆ ಚರ್ಚೆಗೆ ವಾರಗಳು ಸಾಲವು. ಎರಡನೆಯ ಭಾಷೆ ಯಾವುದು ಎಂಬ ಅಂಕಣವನ್ನು ಮಾತ್ರ ಪ್ರವೇಶದ ದಿನ ಶಾಲೆಯ ಮೇಜಿನ ಮುಂದೆ ನಿಂತು ತುಂಬುವುದುಂಟು. ಸಿಬಿಎಸ್‌ಇ ಶಾಲೆಗಳಲ್ಲಿ ಇದೇ ಪ್ರಶ್ನೆ ಇನ್ನೂ ಮೊದಲೇ, ಕೆಲವೆಡೆ ಆರನೆಯ ತರಗತಿಯಲ್ಲಿಯೇ ಎದುರಾಗುತ್ತದೆ. ಅಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಕೇಳಿಬರುವ ಎರಡು ಹೆಸರುಗಳು ಫ್ರೆಂಚ್ ಮತ್ತು ಸ್ಪ್ಯಾನಿಷ್.

ಯಾವುದು ಎಲ್ಲಿ ದೊರೆಯುತ್ತದೆ ಎಂಬುದು ಮೊದಲ ಸಂಗತಿ. ಕೇರಳದ ಹೈಯರ್ ಸೆಕೆಂಡರಿ, ತಮಿಳುನಾಡಿನ ಪ್ಲಸ್ ಒನ್–ಪ್ಲಸ್ ಟು, ಕರ್ನಾಟಕದ ಪಿಯುಸಿ ಈ ಮೂರರ ಭಾಷಾಪಟ್ಟಿಯಲ್ಲಿಯೂ ಕನ್ನಡದ ಜೊತೆಗೆ ಫ್ರೆಂಚ್ ಇದೆ, ಸ್ಪ್ಯಾನಿಷ್ ಇಲ್ಲ. ಸಿಬಿಎಸ್‌ಇ ಪಟ್ಟಿಯಲ್ಲಿ ಎರಡೂ ಇವೆ. ಆದುದರಿಂದ ಒಂಬತ್ತು–ಹತ್ತರಲ್ಲಿ ಸ್ಪ್ಯಾನಿಷ್ ಓದಿದ ಹೊಸೂರಿನ ಹುಡುಗಿ ಮುಂದೆ ಬೆಂಗಳೂರಿನ ಪಿಯು ಕಾಲೇಜಿಗೆ ಸೇರಿದರೆ ಆ ಭಾಷೆ ಅಲ್ಲಿಗೆ ನಿಂತುಹೋಗುತ್ತದೆ. ಫ್ರೆಂಚ್ ಓದಿದವಳಿಗೆ ಮುಂದುವರಿಯುವ ದಾರಿಯುಂಟು. ಪಟ್ಟಿಯಲ್ಲಿ ಇರುವುದೆಲ್ಲವೂ ಎಲ್ಲ ಶಾಲೆಗಳಲ್ಲಿ ಇರುವುದಿಲ್ಲ ಎಂಬುದು ಬೇರೆ ಮಾತು. ಶಿಕ್ಷಕರಿದ್ದಲ್ಲಿ ಮಾತ್ರ ಭಾಷೆ.

ಕಲಿಕೆಯ ಸುಲಭ–ಕಷ್ಟ

ಎರಡೂ ಲ್ಯಾಟಿನ್ ಮೂಲದವು, ಅಕ್ಕತಂಗಿಯರಂತಹ ಭಾಷೆಗಳು. ಆದರೆ ಕನ್ನಡ ಬಲ್ಲ ಮಗುವಿಗೆ ಇವೆರಡರ ಬಾಗಿಲು ಒಂದೇ ಬಗೆಯಾಗಿ ತೆರೆಯುವುದಿಲ್ಲ.

ಸ್ಪ್ಯಾನಿಷ್ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ. ಅದರ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ ಗಳಿಗೆ ಬಹಳ ಹತ್ತಿರ. ತ, ದ ಗಳು ಇಂಗ್ಲಿಷಿನಂತೆ ಅಂಗುಳನ್ನು ಮುಟ್ಟದೆ ಹಲ್ಲನ್ನು ಮುಟ್ಟುತ್ತವೆ. ಪ, ತ, ಕ ಗಳಲ್ಲಿ ಮಹಾಪ್ರಾಣದ ಉಸಿರಿಲ್ಲ. ಈ ಎರಡು ಗುಣಗಳು ಫ್ರೆಂಚಿನಲ್ಲಿಯೂ ಇವೆ. ಇಂಗ್ಲಿಷ್ ಮಾತೃಭಾಷೆಯ ಮಕ್ಕಳು ತಿಂಗಳುಗಟ್ಟಲೆ ತಿದ್ದಿಕೊಳ್ಳಬೇಕಾದ ಉಚ್ಚಾರ ನಮ್ಮ ಮಕ್ಕಳ ನಾಲಿಗೆಯಲ್ಲಿ ಮೊದಲೇ ಇದೆ. ಸ್ಪ್ಯಾನಿಷಿನಲ್ಲಿ ‘ಪೆರೊ’ ಎಂದು ರಕಾರವನ್ನು ಮೆಲ್ಲಗೆ ನುಡಿದರೆ ‘ಆದರೆ’, ನಾಲಿಗೆಯನ್ನು ಕಂಪಿಸಿ ಒತ್ತಿ ನುಡಿದರೆ ‘ನಾಯಿ’. ಹಳಗನ್ನಡದ ರ ಮತ್ತು ಱ ಗಳ ಭೇದವನ್ನು ಪಾಠದಲ್ಲಿ ಕೇಳಿದವರಿಗೆ, ಮಲಯಾಳ ತಮಿಳುಗಳನ್ನು ದಿನವೂ ಕೇಳುವವರಿಗೆ, ಎರಡು ರಕಾರಗಳೆಂದರೆ ಆಶ್ಚರ್ಯವೇನೂ ಆಗದು.

ಫ್ರೆಂಚಿನ ಬರಹವಾದರೋ ಹಳೆಯ ಉಚ್ಚಾರಣೆಯನ್ನು ಹೊತ್ತುಕೊಂಡಿದೆ. ಪದದ ಕೊನೆಯ ಅಕ್ಷರಗಳು ಅನೇಕ ವೇಳೆ ಮೌನ. ‘ಓ’ ಎಂಬ ಒಂದೇ ಧ್ವನಿಗೆ ಹಲವು ಕಾಗುಣಿತಗಳು. ಅನುನಾಸಿಕ ಸ್ವರಗಳನ್ನೂ, ತುಟಿಯನ್ನು ಉ ಕಾರಕ್ಕೆಂದು ಮುಂದೂಡಿ ನಾಲಿಗೆಯನ್ನು ಇ ಕಾರದಲ್ಲಿರಿಸುವ ಸ್ವರವನ್ನೂ ಹೊಸದಾಗಿ ಅಭ್ಯಾಸ ಮಾಡಬೇಕು. ‘ಮಾತಾಡು’ ಎಂಬ ಕ್ರಿಯಾಪದದ ‘ನಾನು’, ‘ನೀನು’, ‘ಅವನು’, ‘ಅವರು’ ರೂಪಗಳ ಬರಹ ಎಲ್ಲೆಡೆ ಒಂದೇ ಅಲ್ಲದಿದ್ದರೂ ಕಿವಿಗೆ ಕೇಳುವುದು ‘ಪಾರ್ಲ್’ ಎಂಬ ಒಂದೇ ಧ್ವನಿ. ಹೀಗಾಗಿ ಕರ್ತೃಪದವನ್ನು ಹೇಳದೆ ಗತ್ಯಂತರವಿಲ್ಲ. ಸ್ಪ್ಯಾನಿಷಿನಲ್ಲಿ ‘ಆಬ್ಲೊ’ ಎಂದರೆ ‘ಮಾತಾಡುತ್ತೇನೆ’, ‘ಆಬ್ಲಾಸ್’ ಎಂದರೆ ‘ಮಾತಾಡುತ್ತೀಯೆ’. ‘ನಾನು’, ‘ನೀನು’ ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ, ಕನ್ನಡದಂತೆಯೇ. ಇನ್ನೂ ಒಂದು ಹೋಲಿಕೆ ಸೊಗಸಾದುದು. ‘ನನಗೆ ಹಾಲು ಇಷ್ಟ’ ಎಂಬ ನಮ್ಮ ಚತುರ್ಥಿಯ ವಾಕ್ಯ ಇಂಗ್ಲಿಷಿಗೂ ಫ್ರೆಂಚಿಗೂ ಹೋದರೆ ‘ನಾನು’ ಎಂದು ತಿರುಗಿಬೀಳುತ್ತದೆ. ಸ್ಪ್ಯಾನಿಷಿನ ‘ಮೆ ಗುಸ್ತಾ’ ಮಾತ್ರ ‘ನನಗೆ’ ಎಂದೇ ಆರಂಭವಾಗುತ್ತದೆ.

ಲಿಂಗವಿಚಾರ ಎರಡರಲ್ಲಿಯೂ ತೊಡಕು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಇಲ್ಲಿ ಮೇಜು, ಪುಸ್ತಕ, ಹಾಲು ಎಲ್ಲಕ್ಕೂ ಗಂಡು–ಹೆಣ್ಣುಗಳುಂಟು. ಅಕ್ಕತಂಗಿಯರಿಗೂ ಒಮ್ಮತವಿಲ್ಲ: ಹಾಲು ಫ್ರೆಂಚಿನಲ್ಲಿ ಪುಲ್ಲಿಂಗ, ಸ್ಪ್ಯಾನಿಷಿನಲ್ಲಿ ಸ್ತ್ರೀಲಿಂಗ. ಸ್ಪ್ಯಾನಿಷಿನಲ್ಲಿ ಪದಾಂತ್ಯದ ಒಕಾರ–ಆಕಾರಗಳು ಬಹುಪಾಲು ಸುಳಿವು ಕೊಡುತ್ತವೆ. ಫ್ರೆಂಚಿನಲ್ಲಿ ಪದದೊಂದಿಗೆ ಲಿಂಗವನ್ನೂ ಬಾಯಿಪಾಠ ಮಾಡಬೇಕು. ಹಿಂದಿಯಲ್ಲಿ ಈ ಪಾಡು ಪಟ್ಟವರಿಗೆ ಇದು ಹೊಸದಲ್ಲ.

ಇಷ್ಟರಿಂದ ಸ್ಪ್ಯಾನಿಷ್ ಕೊನೆಯವರೆಗೂ ಸುಲಭವೆಂದು ತಿಳಿಯಬಾರದು. ‘ಇರು’ ಎಂಬ ಅರ್ಥದಲ್ಲಿ ಅದಕ್ಕೆ ಎರಡು ಕ್ರಿಯಾಪದಗಳಿವೆ, ಒಂದು ಸ್ವಭಾವಕ್ಕೆ, ಇನ್ನೊಂದು ಸ್ಥಿತಿಗೆ ಮತ್ತು ಸ್ಥಳಕ್ಕೆ. ಭೂತಕಾಲದ ರೂಪಗಳು ಹೆಚ್ಚು ಬಳಕೆಯಲ್ಲಿವೆ, ಸಂಶಯ–ಇಚ್ಛೆಗಳನ್ನು ಸೂಚಿಸುವ ಕ್ರಿಯಾರೂಪ ಫ್ರೆಂಚಿಗಿಂತ ಮಿಗಿಲಾಗಿ ಬರುತ್ತದೆ. ಫ್ರೆಂಚ್ ಮೊದಲ ವರ್ಷ ಕಾಡುತ್ತದೆ. ಸ್ಪ್ಯಾನಿಷ್ ಕಾಡತೊಡಗುವುದು ಮೂರನೆಯ ವರ್ಷ. ಇಂಗ್ಲಿಷಿಗೆ ಫ್ರೆಂಚಿನಿಂದ ಬಂದ ಪದಗಳು ಅಪಾರವಾದುದರಿಂದ ಓದಿ ಅರ್ಥೈಸುವ ಕೆಲಸ ಫ್ರೆಂಚಿನಲ್ಲಿ ಬೇಗ ಕೈಗೂಡುತ್ತದೆ ಎಂಬುದನ್ನೂ ಹೇಳಬೇಕು.

ಗೋವೆಯ ಓದುಗರಿಗೆ ಒಂದು ಮಾತು. ಸ್ಪ್ಯಾನಿಷಿಗೆ ಅತಿ ಹತ್ತಿರದ ಸೋದರಿ ಪೋರ್ಚುಗೀಸ್. ಕನ್ನಡದ ‘ಮೇಜು’ ಪೋರ್ಚುಗೀಸಿನ ಮೂಲಕ ಬಂದುದು; ಸ್ಪ್ಯಾನಿಷಿನಲ್ಲಿಯೂ ಅದು ‘ಮೆಸಾ’. ಕರಾವಳಿಯ ‘ಬಟಾಟೆ’ ಅಲ್ಲಿ ‘ಪತಾತಾ’. ಪೋರ್ಚುಗೀಸ್ ಕಲಿಸುವ ಶಾಲೆ ಸಮೀಪದಲ್ಲಿದ್ದರೆ ಅದನ್ನೇ ಹಿಡಿದು ಮುಂದೆ ಸ್ಪ್ಯಾನಿಷಿಗೆ ದಾಟುವುದು ಕಷ್ಟವಲ್ಲ.

ಉಪಯೋಗ

ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ಮಾತೃಭಾಷೆ. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳೂ ಸೇರಿ 20 ರಾಷ್ಟ್ರಗಳಲ್ಲಿ ಅಧಿಕೃತ. ಫ್ರೆಂಚ್ ಬಲ್ಲವರು, ಎರಡನೆಯ ಭಾಷೆಯಾಗಿ ಬಳಸುವವರೂ ಸೇರಿ, 30 ಕೋಟಿಗೆ ಮೇಲ್ಪಟ್ಟು. ಅವರಲ್ಲಿ ಬಹು ದೊಡ್ಡ ಪಾಲು ಆಫ್ರಿಕದಲ್ಲಿದೆ. ಜನಸಂಖ್ಯೆಯ ಲೆಕ್ಕಕ್ಕಿಂತ ವಿದ್ಯಾರ್ಥಿ ಎಲ್ಲಿಗೆ ಹೋಗಬಯಸುತ್ತಾನೆ ಎಂಬುದು ಮುಖ್ಯ. ಕೆನಡಾ 2023ರಿಂದ ಫ್ರೆಂಚ್ ಬಲ್ಲ ವಲಸೆಗಾರರಿಗೆ ಪ್ರತ್ಯೇಕ ಆಯ್ಕೆಯ ಸುತ್ತುಗಳನ್ನು ನಡೆಸುತ್ತಿದೆ. 2030ರೊಳಗೆ ವರ್ಷಕ್ಕೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಗುರಿಯನ್ನು ಫ್ರಾನ್ಸ್ 2024ರಲ್ಲಿ ಸಾರಿದೆ. ಸ್ಪ್ಯಾನಿಷ್ ಬಲ್ಲವರಿಗೆ ಅಮೆರಿಕ ಖಂಡದ ವ್ಯಾಪಾರ, ಗ್ರಾಹಕ ಸೇವೆ, ಅನುವಾದ ಕ್ಷೇತ್ರಗಳಲ್ಲಿ ಅವಕಾಶವಿದೆ.

ಶಾಲೆಯ ಅಂಕಗಳಿಗಿಂತ ಹೊರಗಿನ ಪ್ರಮಾಣಪತ್ರಗಳಿಗೆ ಬೆಲೆ ಹೆಚ್ಚು. ಫ್ರೆಂಚಿಗೆ ಡೆಲ್ಫ್, ಸ್ಪ್ಯಾನಿಷಿಗೆ ಡೆಲೆ. ಎರಡಕ್ಕೂ ಶಾಲಾ ಮಕ್ಕಳಿಗಾಗಿಯೇ ರೂಪಿಸಿದ ಪರೀಕ್ಷೆಗಳುಂಟು, ಪ್ರಮಾಣಪತ್ರಕ್ಕೆ ಅವಧಿಮಿತಿಯಿಲ್ಲ. ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಬೆಂಗಳೂರು, ಚೆನ್ನೈ, ಹೈದರಾಬಾದ್, ಪುಣೆ, ತಿರುವನಂತಪುರ, ಪಣಜಿಗಳಲ್ಲಿದೆ. ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರವಿರುವುದು ದೂರದ ದೆಹಲಿಯಲ್ಲಿ. ದಕ್ಷಿಣದ ಗಡಿ ಜಿಲ್ಲೆಗಳಿಗೆ ಫ್ರೆಂಚ್ ಹತ್ತಿರವಾಗುವುದು ಈ ಕಾರಣದಿಂದಲೂ ಹೌದು. (1954ರವರೆಗೆ ಫ್ರೆಂಚರ ಆಡಳಿತದಲ್ಲಿದ್ದ ಮಾಹೆ ಕಾಸರಗೋಡಿನಿಂದ ರೈಲಿನಲ್ಲಿ ಕೆಲವು ಗಂಟೆಗಳ ದಾರಿ ಎಂಬುದು ಇಂದು ಕೇವಲ ಇತಿಹಾಸದ ಸಂಗತಿ.)

ಕನ್ನಡದ ಅಂಕಣ

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿನ ವಿದ್ಯಾರ್ಥಿಗಾದರೂ ಸಲ್ಲುತ್ತದೆ. ಗಡಿನಾಡಿನ ವಿದ್ಯಾರ್ಥಿಯ ಲೆಕ್ಕ ಬೇರೆ. ಮನೆಯ ಕನ್ನಡ, ರಾಜ್ಯದ ಭಾಷೆ, ಇಂಗ್ಲಿಷ್, ಹಲವೆಡೆ ಹಿಂದಿ ಎಂದು ಅವನ ಹೆಗಲ ಮೇಲೆ ಆಗಲೇ ಮೂರು–ನಾಲ್ಕು ಭಾಷೆಗಳಿವೆ. ತಮಿಳುನಾಡಿನಲ್ಲಿ 2006ರ ಕಾಯ್ದೆಯೂ ಕೇರಳದಲ್ಲಿ 2017ರ ಕಾಯ್ದೆಯೂ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯಗೊಳಿಸಿದುವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಫ್ರೆಂಚ್, ಸ್ಪ್ಯಾನಿಷ್ ಎರಡನ್ನೂ ಪ್ರೌಢ ಹಂತದಲ್ಲಿ ಕಲಿಸಬಹುದೆಂದು ಹೆಸರಿಸಿದರೂ, ಮೂರು ಭಾಷೆಗಳಲ್ಲಿ ಎರಡಾದರೂ ಭಾರತೀಯವಾಗಿರಬೇಕೆನ್ನುತ್ತದೆ. ರಾಜ್ಯಭಾಷೆ, ಕನ್ನಡ, ಇಂಗ್ಲಿಷ್ ಎಂದೊಡನೆ ಮೂರೂ ಸ್ಥಾನಗಳು ತುಂಬಿದುವು. ಹಾಗಾದರೆ ಫ್ರೆಂಚ್ ಒಳಬರುವುದು ಯಾರ ಸ್ಥಾನದಲ್ಲಿ? ರಾಜ್ಯಭಾಷೆಯನ್ನು ಕಾಯ್ದೆ ಕಾಯುತ್ತದೆ, ಇಂಗ್ಲಿಷನ್ನು ಬಿಡಲು ಯಾರೂ ಸಿದ್ಧರಿಲ್ಲ. ಎದ್ದುಹೋಗುವುದು ಕನ್ನಡವೇ.

ಹನ್ನೊಂದನೆಯ ತರಗತಿಯಲ್ಲಿ ಇದು ಇನ್ನೂ ನೇರ. ಇಂಗ್ಲಿಷಿನ ಜೊತೆಗೆ ಒಂದೇ ಭಾಷೆಗೆ ಎಡೆಯಿರುವಲ್ಲಿ ಫ್ರೆಂಚ್ ಎಂದು ಬರೆದರೆ ಕನ್ನಡ ಇಲ್ಲ. ‘ಅಂಕ ಬರುವ ಭಾಷೆ’ ಎಂಬ ಮಾತು ಈ ಹಂತದಲ್ಲಿಯೇ ಕೇಳಿಬರುತ್ತದೆ. ಪಠ್ಯ ಆರಂಭಿಕ ಮಟ್ಟದ್ದಾದುದರಿಂದ ಅಂಕ ಬರುವುದು ನಿಜವಿರಬಹುದು; ತೆಲುಗು ನಾಡಿನ ಇಂಟರ್‌ಮೀಡಿಯೆಟ್‌ನಲ್ಲಿ ಇದೇ ಕಾರಣಕ್ಕೆ ಸಂಸ್ಕೃತ ಹಿಡಿಯುವ ರೂಢಿ ಬೆಳೆದಿದೆ. ಆದರೆ ಎರಡು ವರ್ಷ ಅಂಕಕ್ಕಾಗಿ ಓದಿದ ಫ್ರೆಂಚಿನಿಂದ ಪ್ಯಾರಿಸಿನಲ್ಲಿ ಮನೆ ಬಾಡಿಗೆಗೆ ಕೇಳುವಷ್ಟು ಮಾತು ಬರುವುದು ಅಪರೂಪ.

ಕನ್ನಡವನ್ನು ಬಿಟ್ಟುದರ ಬೆಲೆ ಮುಂದೆ ತಿಳಿಯುತ್ತದೆ. ಕರ್ನಾಟಕದ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರ ವಿಭಾಗದಲ್ಲಿ ಅರ್ಹತೆ ಕೋರುವವರು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಕಾಸರಗೋಡಿನಲ್ಲಿ ಕನ್ನಡ ಬಲ್ಲವರಿಗೆಂದೇ ಕೇರಳ ಲೋಕಸೇವಾ ಆಯೋಗ ಕರೆಯುವ ಹುದ್ದೆಗಳಿವೆ. ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆ ಅವುಗಳಲ್ಲೊಂದು. ಇನ್ನೊಂದು ನಷ್ಟ ಒಬ್ಬ ವಿದ್ಯಾರ್ಥಿಯದಲ್ಲ. ಭಾಷಾಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿದೆ. ಹತ್ತು ಮಕ್ಕಳು ಕನ್ನಡ ಬಿಟ್ಟ ಶಾಲೆಯಲ್ಲಿ ಹನ್ನೊಂದನೆಯವನಿಗೆ ಬೇಕೆಂದರೂ ಕನ್ನಡ ದೊರೆಯದೆ ಹೋಗಬಹುದು. ಸಂವಿಧಾನದ 350ಎ ವಿಧಿ ಮಾತೃಭಾಷಾ ಶಿಕ್ಷಣವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದರಾಚೆಗೆ ತರಗತಿಯನ್ನು ಉಳಿಸುವುದು ಹಾಜರಿ ಪಟ್ಟಿಯೇ.

ವಿದೇಶಿ ಭಾಷೆಗೆ ತಡವಾಯಿತೆಂಬ ಆತಂಕ ಬೇಡ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಗಳಲ್ಲಿ ಫ್ರೆಂಚ್, ಸ್ಪ್ಯಾನಿಷ್ ಪದವಿಗಳಿಗೆ ಹನ್ನೆರಡನೆಯ ತರಗತಿ ಮುಗಿಸಿ ಅಕ್ಷರಮಾಲೆಯಿಂದಲೇ ಆರಂಭಿಸಬಹುದು. ಕನ್ನಡಕ್ಕೆ ಹಾಗೆ ಹದಿನೆಂಟರಲ್ಲಿ ಮರಳಿ ಕೂರುವವರು ವಿರಳ. ಶಾಲೆಯಲ್ಲಿನ ವಿದೇಶಿ ಭಾಷೆಯ ಸ್ಥಾನ ಭದ್ರವೂ ಅಲ್ಲ: 2014ರಲ್ಲಿ ಕೇಂದ್ರೀಯ ವಿದ್ಯಾಲಯಗಳು 6ರಿಂದ 8ನೆಯ ತರಗತಿಯವರೆಗೆ ಮೂರನೆಯ ಭಾಷೆಯಾಗಿದ್ದ ಜರ್ಮನ್ ಅನ್ನು ವರ್ಷದ ನಡುವೆ ಕೈಬಿಟ್ಟು ಸಂಸ್ಕೃತವನ್ನು ತಂದುವು.

ಆದುದರಿಂದ ಈ ಲೇಖಕನ ಅಭಿಪ್ರಾಯದಲ್ಲಿ ಗಡಿನಾಡಿನ ಮಗುವಿಗೆ ಶಾಲೆಯ ಅಂಕಣದಲ್ಲಿ ಕನ್ನಡ, ಶಾಲೆಯ ಹೊರಗೆ ಡೆಲ್ಫ್ ಅಥವಾ ಡೆಲೆ ಎಂಬ ವ್ಯವಸ್ಥೆಯೇ ಲೇಸು. ಕನ್ನಡವೇ ದೊರೆಯದ ಶಾಲೆಯಾದರೆ, ಮೊದಲು ಬೇಡಿಕೆಯ ಪತ್ರವನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಳಿಕ ಫ್ರೆಂಚ್–ಸ್ಪ್ಯಾನಿಷ್‌ಗಳ ನಡುವೆ ಆರಿಸುವವರು ಮುಖ್ಯೋಪಾಧ್ಯಾಯರಲ್ಲಿ ಮೂರನ್ನು ಕೇಳಿ ತಿಳಿಯಬೇಕು: ಶಿಕ್ಷಕರು ಖಾಯಂ ಇರುವರೇ, ಹನ್ನೆರಡನೆಯ ತರಗತಿಯವರೆಗೂ ಆ ಭಾಷೆ ಉಂಟೇ, ಮಧ್ಯದಲ್ಲಿ ಬದಲಿಸಲು ಅನುಮತಿಯಿದೆಯೇ.